ರಾಜ ಮಾತಾಡ್ತಿಲ್ಲ, ಡಾಕ್ಟರ್ ಏನ್ ಮಾಡ್ಬೇಕು?

ಇವತ್ತು ಒಬ್ಬ ಡಾಕ್ಟರ್ ಕಥೆ. ಹೆಸರು ವಿಲಿಯಂ ಹ್ಯಾಟ್‌ಕ್ಲಿಫ್. ಕೇಂಬ್ರಿಡ್ಜ್‌ನಲ್ಲಿ ಇಂಗ್ಲೆಂಡ್ ರಾಜ ಆರನೇ ಹೆನ್ರಿ ಕಟ್ಟಿಸಿದ ಕಿಂಗ್ಸ್ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ. ಇಟಲಿಯ ಪಡುವಾಗೆ ಹೋಗಿ ವೈದ್ಯ ಓದಿ ಬಂದ. 1452ರಲ್ಲಿ ಅದೇ ಹೆನ್ರಿಗೆ ಆಸ್ಥಾನ ವೈದ್ಯನಾದ.

ಮಾರನೇ ವರ್ಷ ಆಗಸ್ಟ್‌ನಲ್ಲಿ ರಾಜ ಮಾತು ನಿಲ್ಲಿಸಿಬಿಟ್ಟ.

ಜ್ವರ ಇಲ್ಲ, ಗಾಯ ಇಲ್ಲ. ಯಾರು ಮಾತಾಡಿಸಿದ್ರೂ ಉತ್ತರ ಇಲ್ಲ. ಫ್ರಾನ್ಸ್‌ನಲ್ಲಿ ಕಾಸ್ಟಿಯೋನ್ ಯುದ್ಧ ಸೋತು ಆಗಷ್ಟೇ ಕೆಲವು ವಾರ ಆಗಿತ್ತು. ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ, ಆ ಮಗುವಿನ ಗುರುತೂ ಹತ್ತಲಿಲ್ಲ. 1454ರ ಮಾರ್ಚ್‌ನಲ್ಲಿ ಆಸ್ಥಾನದ ದೊಡ್ಡವರು ವಿಂಡ್ಸರ್‌ಗೆ ಹೋಗಿ ಮೂರು ಸಲ ಮಾತಾಡಿಸಿ ನೋಡಿದ್ರು. ಒಂದು ಸನ್ನೆಯೂ ಇಲ್ಲ. ಎರಡೇ ದಿನಕ್ಕೆ ಯಾರ್ಕ್‌ನ ಡ್ಯೂಕ್ ಕೈಗೆ ದೇಶದ ಆಡಳಿತ ಹೋಯ್ತು.

ಈಗ ಡಾಕ್ಟರ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ಪೇಶೆಂಟ್ 'ಹೂಂ' ಅನ್ನಲ್ಲ, 'ಬೇಡ' ಅನ್ನಲ್ಲ. ರಾಜನ ಮೈಗೆ ಕತ್ತಿ ತಾಗಿಸಿ ರಕ್ತ ತೆಗೆದ್ರೆ, ನಾಳೆ ಹೆಚ್ಚುಕಮ್ಮಿ ಆದ್ರೆ? ರಾಜದ್ರೋಹ ಅಂತ ತಲೆ ಹೋಗುತ್ತೆ.

ಅದಕ್ಕೆ ಏಪ್ರಿಲ್‌ನಲ್ಲಿ ರಾಜಮಂಡಳಿ ಬರವಣಿಗೆಯಲ್ಲಿ ಅನುಮತಿ ಕೊಟ್ಟಿತು. ಹ್ಯಾಟ್‌ಕ್ಲಿಫ್ ಸೇರಿ ಮೂವರು ವೈದ್ಯರು, ಇಬ್ಬರು ಶಸ್ತ್ರವೈದ್ಯರು. ಏನೇನು ಮಾಡಬಹುದು ಅಂತ ಪಟ್ಟಿನೇ ಇದೆ: ಲೇಹ್ಯ, ಕಷಾಯ, ಸಿರಪ್, ಭೇದಿ ಔಷಧ, ಎನಿಮಾ, ಬಾಯಿ ಮುಕ್ಕಳಿಸೋದು, ಸ್ನಾನ, ಪಟ್ಟು ಹಾಕೋದು, ತಲೆ ಬೋಳಿಸೋದು, ರಕ್ತ ತೆಗೆಯೋದು. ಬಿಕಾಂ ಓದಿದ ನನಗೆ ಇದು ಚಿಕಿತ್ಸೆ ಚೀಟಿಗಿಂತ ಹೆಚ್ಚಾಗಿ ಬೋರ್ಡ್ ರೆಸಲ್ಯೂಷನ್ ಥರ ಕಾಣುತ್ತೆ. ರಾಜನ ಕಾಯಿಲೆಗೆ ಮದ್ದು ಇರಲಿ ಬಿಡಲಿ, ಡಾಕ್ಟರ್ ಕತ್ತಿಗೆ ರಕ್ಷಣೆ ಇದೆ.

ಕ್ರಿಸ್‌ಮಸ್ ಹೊತ್ತಿಗೆ ಹೆನ್ರಿ ಎಚ್ಚೆತ್ತ. ಮಗನನ್ನ ತಂದು ತೋರಿಸಿದಾಗ ಹೆಸರೇನು ಅಂತ ಕೇಳಿದ. ಎಡ್ವರ್ಡ್ ಅಂದ್ರು. ಖುಷಿಯಿಂದ ಕೈ ಮುಗಿದ ಅಂತೆ. ಮದ್ದಿನಿಂದ ಎದ್ದನೋ, ಮದ್ದು ಕೊಟ್ಟರೂ ಎದ್ದನೋ? ನಾನಂತೂ ಎರಡನೇದಕ್ಕೇ ವೋಟ್ ಹಾಕ್ತೀನಿ.

ಆದ್ರೆ ಕಾಗದ ಕಾಪಾಡೋದು ಚಿಕಿತ್ಸೆ ವಿಷಯದಲ್ಲಿ ಮಾತ್ರ. ಯಾರ್ಕ್ ಮನೆತನಕ್ಕೂ ಹೆನ್ರಿ ಕಡೆಯವರಿಗೂ ಯುದ್ಧ ಶುರುವಾಯ್ತು. 1461ರಲ್ಲಿ ಹೆನ್ರಿಯ ರಾಣಿ ಮಾರ್ಗರೆಟ್ ಸೇನೆ ಲಂಡನ್ ಹತ್ತಿರ ಬಂದಾಗ ಹ್ಯಾಟ್‌ಕ್ಲಿಫ್ ಹಡಗು ಹತ್ತಿ ಓಡಿದ. ಹೌದು, ಯಾವ ಮನೆಯ ಅನ್ನ ತಿಂದಿದ್ನೋ ಅದೇ ಕಡೆಯವರಿಗೆ ಹೆದರಿ. ದಾರಿಯಲ್ಲಿ ಫ್ರೆಂಚರು ಹಿಡಿದ್ರು. ಅವನನ್ನ ಬಿಡಿಸಿಕೊಳ್ಳೋಕೆ ದುಡ್ಡು ಹೊಂದಿಸಿದ್ದು ಯಾರ್ಕ್ ಮನೆಯ ಹೊಸ ರಾಜ ನಾಲ್ಕನೇ ಎಡ್ವರ್ಡ್. ಅವನಿಗೂ ಇವನೇ ವೈದ್ಯ. ಆಮೇಲೆ ರಾಜನ ಕಾರ್ಯದರ್ಶಿಯೂ ಆದ.

1470ರಲ್ಲಿ ಹೆನ್ರಿ ಕೆಲವು ತಿಂಗಳು ಮತ್ತೆ ಪಟ್ಟಕ್ಕೆ ಬಂದಾಗ ಹ್ಯಾಟ್‌ಕ್ಲಿಫ್ ಸೆರೆ ಸಿಕ್ಕ, ಆದ್ರೆ ತಲೆ ಉಳೀತು. 1471ರಲ್ಲಿ ಎಡ್ವರ್ಡ್ ಗೆದ್ದು ವಾಪಸ್ ಬಂದ. ಅದೇ ಮೇನಲ್ಲಿ ಹೆನ್ರಿ ಲಂಡನ್ ಟವರ್‌ನಲ್ಲಿ ಸತ್ತ. ಅವನ ಹಳೇ ಡಾಕ್ಟರ್ ಎಡ್ವರ್ಡ್‌ನ ಕಾರ್ಯದರ್ಶಿ ಕೆಲಸಕ್ಕೆ ಮರಳಿದ, 1480ರಲ್ಲಿ ಸಾಯೋವರೆಗೂ.