ನಮ್ಮ ಮನೆಯ ಮಾಹಿತಿ ಯಾರ ಕೈಯಲ್ಲಿರುವ ಅಮಾನತು?

(ರಾಯಚೂರಿನಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಮಾವೇಶದ ಸಿದ್ಧತೆಗಾಗಿ ನಾವು ಕೆಲವು ದಿನ ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗಗಳಲ್ಲಿ ಓಡಾಡಿದೆವು. ಮೊಬೈಲ್, ಆಧಾರ್, ಸಮೀಕ್ಷೆ, ಮತದಾರರ ಪಟ್ಟಿ ಇವುಗಳ ಕುರಿತು ಜನರು ಆಡುವ ಮಾತುಗಳನ್ನು ಆಲಿಸಿದೆವು. ಎಲ್ಲ ಕಡೆ ಕೇಳಿಬಂದ ಅಭಿಪ್ರಾಯಗಳು ಮುಖ್ಯವಾಗಿ ಮೂರು. ಆ ಮೂರನ್ನೂ ಇಂದು ನಿಮ್ಮ ಮುಂದಿಟ್ಟು ಪರಿಶೀಲಿಸಲು ಬಯಸುತ್ತೇವೆ.

ಮೊದಲನೆಯದು, ಇದೇ ನಗರದ ತೀನ್ ಕಂದೀಲ್ ಬಳಿಯ ಚಹಾದಂಗಡಿಯಲ್ಲಿ ಕೇಳಿದ್ದು: “ನಾವೇನು ಕಳ್ಳರೇ? ಮುಚ್ಚಿಡಲು ನಮ್ಮಲ್ಲೇನಿದೆ? ಕೇಳಿದವರಿಗೆ ಕೊಟ್ಟರಾಯಿತು.” ಮೇಲ್ನೋಟಕ್ಕೆ ಇದು ಪ್ರಾಮಾಣಿಕರ ಮಾತು. ಆದರೆ ನಾವು ಮನೆಗೆ ಬಾಗಿಲು ಇಟ್ಟಿರುವುದು ಒಳಗೆ ಕದ್ದ ಮಾಲಿದೆ ಎಂದೇ? ಬಾಗಿಲು ಇರುವುದು ಒಳಗೆ ಬರುವವರು ಅನುಮತಿ ಕೇಳಿ ಬರಲಿ ಎಂದು. ಅನುಮತಿ ಪಡೆಯದೆ, ಸಲಾಮ್ ಹೇಳದೆ ಪರರ ಮನೆಯನ್ನು ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯವು ಕಲಿಸುತ್ತದೆ. ಪರರ ಗುಟ್ಟುಗಳನ್ನು ಹುಡುಕುತ್ತಾ ಹೋಗುವುದನ್ನು ಅಲ್ ಹುಜುರಾತ್ ಅಧ್ಯಾಯವು ತಡೆಯುತ್ತದೆ.

ನಮ್ಮ ದೇಶದ ಕಾನೂನಿನಲ್ಲಿ ಈ ತತ್ವಕ್ಕೆ ಗಟ್ಟಿಯಾದ ನೆಲೆ ಒದಗಿಸಿದವರು ಓರ್ವ ಕನ್ನಡಿಗ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರಂದು ಆಧಾರ್ ಯೋಜನೆಯನ್ನು ಎತ್ತಿ ಹಿಡಿದ ನ್ಯಾಯಾಲಯವು, ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಆಧಾರ್ ಜೋಡಣೆಯನ್ನು ಕಡ್ಡಾಯಗೊಳಿಸಿದ್ದನ್ನು ರದ್ದುಪಡಿಸಿತು. 2024ರಲ್ಲಿ ನಿಧನರಾದ ಆ ಹಿರಿಯರು ಮುಚ್ಚಿಡಲು ಏನೋ ಇದ್ದುದರಿಂದ ಕೋರ್ಟಿಗೆ ಹೋದವರಲ್ಲ. ಕೇಳುವ ಅಧಿಕಾರಕ್ಕೆ ಮಿತಿ ಇರಬೇಕು ಎಂಬ ಕಾರಣಕ್ಕೆ ಹೋದವರು.

ಅಷ್ಟಕ್ಕೂ ಇದು ದೊಡ್ಡವರ ವಿಷಯವಲ್ಲ. ನಮ್ಮ ಖಾಲಾ ಒಬ್ಬರು ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತೆಗೆಯಲು ಆನ್‌ಲೈನ್ ಸೆಂಟರ್‌ಗೆ ಹೋಗಿದ್ದರು. ಮೂರು ಬಾರಿ ಹೆಬ್ಬೆಟ್ಟು ಒತ್ತಿಸಿಕೊಂಡು, “ಸರ್ವರ್ ಇಲ್ಲ ಅಮ್ಮಾ, ನಾಳೆ ಬನ್ನಿ” ಎಂದು ಕಳಿಸಿದರು. ಮರುದಿನ ಬ್ಯಾಂಕಿನಲ್ಲಿ ವಿಚಾರಿಸಿದರೆ ಹಣ ಹಿಂದಿನ ದಿನವೇ ಹೋಗಿತ್ತು. ಖಾತೆಗೆ ಜೋಡಿಸಿದ್ದ ನಂಬರ್ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಮಗನದ್ದು. ಅವನು ಆ ಸಿಮ್ ಬಿಟ್ಟು ವರ್ಷವಾಗಿತ್ತು. ಹಾಗಾಗಿ ಸಂದೇಶ ಯಾರಿಗೂ ತಲುಪಲಿಲ್ಲ. ಮುಚ್ಚಿಡಲು ಏನೂ ಇಲ್ಲದ ಆ ತಾಯಿಗೆ ಕಳೆದುಕೊಳ್ಳಲು ಆ ತಿಂಗಳ ಅಕ್ಕಿ, ಔಷಧಿ ಇತ್ತು.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಈ ವ್ಯವಸ್ಥೆಯಲ್ಲಿ ಹಣ ತೆಗೆಯಬಹುದು; ಒಟಿಪಿ ಬೇಕಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಖಾತೆಗಳಿಂದ ಹಣ ದೋಚಿದ ಪ್ರಕರಣಗಳು ಬೆಳಕಿಗೆ ಬಂದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ?

ಇನ್ನು ಎರಡನೆಯ ಅಭಿಪ್ರಾಯ. ಇದು ಮೊದಲನೆಯದಕ್ಕೆ ತೀರಾ ವಿರುದ್ಧ. ಮಾನ್ವಿಯಲ್ಲಿ ಓರ್ವ ಹಿರಿಯರು ಹೇಳಿದರು: “ಯಾರು ಬಂದರೂ ಏನೂ ಹೇಳಬಾರದು. ಬಾಗಿಲು ಹಾಕಿಕೊಳ್ಳಬೇಕು.” ಈ ಮಾತಿನ ಹಿಂದಿರುವ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಅಜ್ಜನ ಕಾಲದ ಕಾಗದಗಳಿಗಾಗಿ ಟ್ರಂಕು ತೆರೆದು ಕೂತ ಮನೆಗಳು ಎಷ್ಟಿರಲಿಲ್ಲ! ಆದರೆ ಭಯವು ಸಲಹೆಗಾರನಾಗಬಾರದು.

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿತು. ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು ಮನೆ ಮನೆಗೆ ಬಂದರು. ಪ್ರಶ್ನೆಗಳು 60. ಕೆಲವರು ಎಲ್ಲವನ್ನೂ ಹೇಳಿದರು, ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಸೆಪ್ಟೆಂಬರ್ 25ರಂದು ಹೈಕೋರ್ಟ್ ನೀಡಿದ ಮಧ್ಯಂತರ ಆದೇಶವನ್ನು ಈ ಇಬ್ಬರೂ ಓದಿರಲಿಲ್ಲ. ಸಮೀಕ್ಷೆಗೆ ತಡೆ ನೀಡಲು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಮಾಹಿತಿಯನ್ನು ಗೌಪ್ಯವಾಗಿಡಬೇಕು, ಭಾಗವಹಿಸುವುದು ಐಚ್ಛಿಕ ಎಂಬುದನ್ನು ಜನರಿಗೆ ತಿಳಿಸಬೇಕು ಎಂದಿತು. ಅಂದರೆ, ಉತ್ತರಿಸುವ ಹಕ್ಕೂ ನಮ್ಮದು, ಒಂದು ಪ್ರಶ್ನೆಗೆ “ಇದಕ್ಕೆ ಉತ್ತರಿಸುವುದಿಲ್ಲ” ಎನ್ನುವ ಹಕ್ಕೂ ನಮ್ಮದು.

ಬಾಗಿಲು ಮುಚ್ಚಿಕೊಂಡರೆ ನಷ್ಟ ಯಾರಿಗೆ? 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಇಂತಹ ಕಡೆ ನಮ್ಮ ಕಣ್ಣೀರು ಸಾಕ್ಷ್ಯವಾಗುವುದಿಲ್ಲ. ಎಷ್ಟು ಮಕ್ಕಳು ಶಾಲೆ ಬಿಟ್ಟರು, ಎಷ್ಟು ಮನೆಗಳಿಗೆ ಸ್ವಂತ ಜಮೀನಿಲ್ಲ ಎಂಬ ಲೆಕ್ಕವೇ ಸಾಕ್ಷ್ಯವಾಗುತ್ತದೆ. ಲೆಕ್ಕಕ್ಕೆ ಸಿಗದವರು ಪಾಲು ಕೇಳುವುದು ಹೇಗೆ?

ಬಾಗಿಲು ಮುಚ್ಚಿಕೊಂಡವರು ಸುರಕ್ಷಿತರೂ ಅಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಆಳಂದದಲ್ಲಿ ಏನಾಯಿತೆಂದು ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಮತದಾರರ ಹೆಸರು ಅಳಿಸುವಂತೆ ಕೋರಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದುದು 24 ಮಾತ್ರ. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದರ ಸುಳಿವಿರಲಿಲ್ಲ. ಓರ್ವ ಬೂತ್ ಮಟ್ಟದ ಅಧಿಕಾರಿಯ ಸಂಬಂಧಿಯ ಹೆಸರಿಗೇ ಅರ್ಜಿ ಬಂದಿದ್ದರಿಂದ ಗುಟ್ಟು ರಟ್ಟಾಯಿತು. ಅರ್ಜಿಗಳು ತಿರಸ್ಕೃತವಾದವು, ಪ್ರಕರಣ ದಾಖಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಒಂದು ವೇಳೆ ಆ ಅಧಿಕಾರಿ ಪಟ್ಟಿಯನ್ನು ಗಮನಿಸದೇ ಇದ್ದಿದ್ದರೆ? ಬಾಗಿಲು ಹಾಕಿಕೊಂಡು ಕುಳಿತವರ ಮತ ಬಾಗಿಲ ಹೊರಗೇ ಕಳೆದುಹೋಗುತ್ತಿತ್ತು.

ಮೂರನೆಯ ಅಭಿಪ್ರಾಯ ದೇವದುರ್ಗದ್ದು. ಆದರೆ ಪ್ರತಿ ಮನೆಯ ಪಡಸಾಲೆಯಲ್ಲೂ ಇದೇ ಇದೆ: “ಎಲ್ಲರೂ ಕಳಿಸುತ್ತಾರೆ, ನಾವೂ ಕಳಿಸಿದೆವು.” 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಓರ್ವ ಯುವ ಇಂಜಿನಿಯರ್‌ರನ್ನು ಗುಂಪು ಹೊಡೆದು ಕೊಂದಿತು. ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ಸಂದೇಶ ಅವರ ಕಾರಿಗಿಂತ ಮುಂದೆ ಓಡಿತು. ಅದನ್ನು ಮುಂದಕ್ಕೆ ಕಳಿಸಿದವರೆಲ್ಲ ಕೊಲೆಗಾರರಾಗಿರಲಿಲ್ಲ. ಎಲ್ಲರೂ ಕಳಿಸಿದ್ದರು, ಅವರೂ ಕಳಿಸಿದರು.

ಸಹೋದರರೇ, ಆ ಘಟನೆಯನ್ನು ಖಂಡಿಸುವ ನಾವು ಏನು ಮಾಡುತ್ತಿದ್ದೇವೆ? ಗಂಡ ಹೆಂಡತಿಯ ಜಗಳವನ್ನು ಹಿರಿಯರ ಮುಂದೆ ಬಗೆಹರಿಸಲು ಕೂತರೆ ಜೇಬಿನಲ್ಲಿ ಫೋನ್ ಧ್ವನಿ ಮುದ್ರಿಸುತ್ತಿರುತ್ತದೆ. ಸಂಜೆಯೊಳಗೆ ಆ ಹೆಣ್ಣುಮಗಳ ಅಳು ಹತ್ತು ಗ್ರೂಪ್‌ಗಳಲ್ಲಿ ಕೇಳುತ್ತದೆ. ಮದುವೆ ಮನೆಯ ಹೆಣ್ಣುಮಕ್ಕಳ ಚಿತ್ರ ಅವರ ಒಪ್ಪಿಗೆಯಿಲ್ಲದೆ ಸ್ಟೇಟಸ್ ಆಗುತ್ತದೆ. ಖಲೀಫಾ ಉಮರ್(ರ)ರ ಕುರಿತು ಹೇಳಲಾಗುವ ಪ್ರಸಂಗವೊಂದಿದೆ. ರಾತ್ರಿ ಗಸ್ತಿನಲ್ಲಿದ್ದ ಅವರು ಅನುಮಾನದಿಂದ ಗೋಡೆ ಹತ್ತಿ ಓರ್ವನ ಮನೆಯೊಳಗೆ ಇಳಿದರು. ಅವನು ತಪ್ಪು ಮಾಡುತ್ತಿದ್ದುದು ನಿಜ. ಆದರೆ ಅವನು, ‘ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ: ಗುಟ್ಟು ಹುಡುಕಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಅನುಮತಿ ಕೇಳಲಿಲ್ಲ’ ಎಂದ. ಖಲೀಫರು ತಪ್ಪೊಪ್ಪಿಕೊಂಡು ಹಿಂದಿರುಗಿದರು. ಆಡಳಿತಗಾರನನ್ನು ಹೀಗೆ ಪ್ರಶ್ನಿಸುವ ಧೈರ್ಯ ನಮಗೆ ಬೇಕಾದರೆ, ಮೊದಲು ನೆರೆಯವರ ಗೋಡೆಯಿಂದ ನಾವು ಇಳಿಯಬೇಕು.

ಪ್ರಭುತ್ವವನ್ನು ಪ್ರಶ್ನಿಸಬೇಕಾದ ಅಗತ್ಯವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪೆನಿಗಳಿಗೆ ಹೊಣೆ ಹೊರಿಸುವ ಈ ಕಾಯ್ದೆಯು, ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ಕಾರಣ ನೀಡಿ ಅಧಿಕಾರಿಗಳು ಉತ್ತರ ನಿರಾಕರಿಸುವ ದಾರಿಯನ್ನು ಅಗಲಗೊಳಿಸಿದೆ. ನಾವು ಸರಕಾರಕ್ಕೆ ಗಾಜಿನ ಮನೆಯಾಗುವುದು, ಸರಕಾರ ನಮಗೆ ಕಲ್ಲಿನ ಕೋಟೆಯಾಗುವುದು ಪ್ರಜಾಪ್ರಭುತ್ವವಲ್ಲ.

ಹಾಗಾದರೆ ನಾವೇನು ಮಾಡಬೇಕು? ಅಮಾನತು ಎಂಬ ಪದ ನಮಗೆ ಹೊಸತಲ್ಲ. ಅಮಾನತು ಇಡುವವನು ಯಾರ ಬಳಿ, ಯಾವುದಕ್ಕಾಗಿ, ಎಷ್ಟು ಕಾಲಕ್ಕೆ ಎಂದು ಕೇಳುತ್ತಾನೆ. ಪಡೆದವನು ಲೆಕ್ಕ ಕೊಡುತ್ತಾನೆ. ನಮ್ಮ ಮಾಹಿತಿಯೂ ಹೀಗೆಯೇ. ಮನೆಗೆ ಬಂದವರ ಗುರುತಿನ ಚೀಟಿ ಕೇಳಿರಿ. ಹೆಬ್ಬೆಟ್ಟು ಒತ್ತಿದರೆ ಚೀಟಿ ಪಡೆಯಿರಿ. ಖಾತೆಗೆ ಮನೆಯಲ್ಲೇ ಇರುವ ನಂಬರ್ ಜೋಡಿಸಿರಿ. ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯ ಆಧಾರ್‌ನ ಆ್ಯಪ್‌ನಲ್ಲೇ ಇದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರನ್ನಷ್ಟೇ ಅಲ್ಲ, ನೆರೆಯವರ ಹೆಸರನ್ನೂ ನೋಡಿರಿ. ಅವರು ಯಾವ ಧರ್ಮದವರೇ ಆಗಿರಲಿ. ಪ್ರತಿ ಮೊಹಲ್ಲಾದಲ್ಲಿ ಓದಿದ ಇಬ್ಬರು ಯುವಕ ಯುವತಿಯರು ಶುಕ್ರವಾರಕ್ಕೊಮ್ಮೆ ಒಂದು ಗಂಟೆ ಕೂತು ಹಿರಿಯರಿಗೆ ನೆರವಾದರೆ ಸಾಕು.

ನಮ್ಮ ಖಾಲಾರ ಹಣ ಹಿಂದಕ್ಕೆ ಬರಲಿಲ್ಲ. ಆದರೆ ಈಗ ಅವರು ಯಂತ್ರದ ಮೇಲೆ ಬೆರಳಿಡುವ ಮೊದಲು, “ಯಾಕಪ್ಪಾ, ಎಷ್ಟಕ್ಕೆ?” ಎಂದು ಕೇಳುತ್ತಾರೆ. ಅಕ್ಷರ ಬಾರದ ಓರ್ವ ತಾಯಿ ಕೇಳುವ ಈ ಪ್ರಶ್ನೆಯನ್ನು ಪದವಿ ಪಡೆದ ನಾವೂ ಕೇಳೋಣ; ಸೆಂಟರ್‌ನವನಲ್ಲಿ, ಕಂಪೆನಿಗಳಲ್ಲಿ, ಸರಕಾರದಲ್ಲಿ. ಸಂದೇಶವೊಂದನ್ನು ಮುಂದಕ್ಕೆ ಕಳಿಸುವ ಮುನ್ನ ನಮ್ಮಲ್ಲೂ ಕೇಳಿಕೊಳ್ಳೋಣ.

ಅಲ್ಲಾಹನು ಅಮಾನತನ್ನು ಕಾಯುವವರಲ್ಲಿ ನಮ್ಮನ್ನು ಸೇರಿಸಲಿ. ಅಸ್ಸಲಾಮು ಅಲೈಕುಮ್.