ಅರ್ಜೆಂಟು ಯಾರಿಗೆ, ಯಾವುದಕ್ಕೆ?



ಇಂದು ನಾವು ಒಂದೇ ಒಂದು ಮಾತನ್ನು ಕುರಿತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ. ಅದು ಹುಟ್ಟಿನಿಂದ ಕನ್ನಡದ ಮಾತಲ್ಲ. ಆದರೆ ಅದನ್ನು ಆಡದ ಕನ್ನಡಿಗರು ವಿರಳ. ಅದೇ 'ಅರ್ಜೆಂಟ್' ಎಂಬ ಮಾತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ "ಏನಪಾ, ಅಷ್ಟೇನು ಅರ್ಜೆಂಟು?" ಎಂದು ಮೊಮ್ಮಗನನ್ನು ಕೇಳುತ್ತಾಳೆ. ಸಾಲ ಕೇಳುವವನಿಗೆ ಅರ್ಜೆಂಟು; ಸಾಲ ಕೊಟ್ಟವನಿಗೆ ಇನ್ನೂ ಅರ್ಜೆಂಟು. ಎಲ್ಲರ ಬಾಯಲ್ಲಿರುವ ಈ ಮಾತಿನ ಅರ್ಥವೇನೆಂದು ನಾವು ನಿಂತು ಕೇಳುವುದಿಲ್ಲ. ಇಂದು ಕೇಳೋಣ.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಒತ್ತು, ನೂಕು, ಮುಂದಕ್ಕೆ ಅಟ್ಟು ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ಅಣ್ಣತಮ್ಮಂದಿರು ಹಲವರು. 'ಪ್ರೆಸ್ಸಿಂಗ್' ಎಂದರೆ ಒತ್ತುತ್ತಿರುವುದು. 'ಇಮಿಡಿಯೆಟ್' ಎಂದರೆ ನಡುವೆ ಏನೂ ಇಲ್ಲದ್ದು, ತಡಕ್ಕೆ ಎಡೆಯಿಲ್ಲದ್ದು. 'ಕ್ರಿಟಿಕಲ್' ಎಂಬುದು ಗ್ರೀಕರಿಂದ ಬಂದ ಮಾತು. ರೋಗವು ಈ ಕಡೆಗೋ ಆ ಕಡೆಗೋ ತಿರುಗುವ ಗಳಿಗೆಯನ್ನು ಅವರ ವೈದ್ಯರು 'ಕ್ರೈಸಿಸ್' ಎಂದು ಕರೆದರು. 'ಎಮರ್ಜೆನ್ಸಿ' ಎಂದರೆ ಮುಳುಗಿದ್ದುದು ಮೇಲೆದ್ದು ಬರುವುದು. ಇವು ಒಂದೇ ಮನೆಯವರಾದರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವುದಿಲ್ಲ.

ಇನ್ನು ನಮ್ಮ ಕನ್ನಡವನ್ನು ನೋಡಿರಿ. ನಮ್ಮಲ್ಲಿಯೂ ಮಾತುಗಳಿಗೆ ಬಡತನವಿಲ್ಲ. ತುರ್ತು, ಜರೂರು, ಅವಸರ, ಆತುರ, ಲಗುಬಗೆ, ಗಡಿಬಿಡಿ ಎಲ್ಲವೂ ಇವೆ. ಜರೂರು ಅರಬ್ಬಿಯಿಂದ ಬಂದದ್ದು. ಅಗತ್ಯ ಎಂದೇ ಅದರ ಅರ್ಥ. ಅವಸರವೆಂಬುದು ಸಂಸ್ಕೃತದಲ್ಲಿ ತಕ್ಕ ಸಮಯ. ಹಿಂದಿಯವರಿಗೆ ಅದು ಸದವಕಾಶ, ನೆರೆಯ ತೆಲುಗರಿಗೆ ಅದು ಅಗತ್ಯ, ನಮಗೋ ಅದು ಧಾವಂತ! ಆತುರದ ಕಥೆ ಇನ್ನೂ ಸ್ವಾರಸ್ಯವಾದುದು. ಸಂಸ್ಕೃತದಲ್ಲಿ ಆತುರನೆಂದರೆ ರೋಗಿ, ಸಂಕಟದಲ್ಲಿರುವವನು. ಆಯುರ್ವೇದದ ಗ್ರಂಥಗಳಲ್ಲಿ ಇಂದಿಗೂ ಅದೇ ಅರ್ಥ. ಹಿರಿಯರು ಆತುರಗಾರನಿಗೆ ಬುದ್ಧಿ ಮಟ್ಟ ಎಂದರು; ಸುಮ್ಮನೆ ಚಡಪಡಿಸುವುದೂ ಒಂದು ಬಗೆಯ ಬೇನೆ ತಾನೆ?

ಈ ಮಾತುಗಳನ್ನು ಎರಡು ಗುಂಪು ಮಾಡಬಹುದು. ತುರ್ತು, ಜರೂರು ಎಂಬಿವು ಕೆಲಸದ ಗುಣವನ್ನು ಹೇಳುತ್ತವೆ. ಆತುರ, ಗಡಿಬಿಡಿ ಎಂಬಿವು ಮನುಷ್ಯನ ಗುಣವನ್ನು ಹೇಳುತ್ತವೆ. ಕೆಲಸ ತುರ್ತಿನದಾಗಿರಬಹುದು, ಮಾಡುವವನು ಶಾಂತನಾಗಿರಬಹುದು. ಮಾಡುವವನಿಗೆ ಆತುರವಿರಬಹುದು, ಕೆಲಸಕ್ಕೆ ಯಾವ ತುರ್ತೂ ಇಲ್ಲದಿರಬಹುದು. ಇಂಗ್ಲಿಷಿನವರು ಹೆಚ್ಚಾಗಿ ಕಾಗದಕ್ಕೆ, ಕೆಲಸಕ್ಕೆ, ಅಗತ್ಯಕ್ಕೆ ಅರ್ಜೆಂಟ್ ಎನ್ನುತ್ತಾರೆ. ನಾವೋ, "ಅರ್ಜೆಂಟ್ ಮಾಡಬೇಡ", "ಅವನು ಬಹಳ ಅರ್ಜೆಂಟಿನ ಮನುಷ್ಯ" ಎನ್ನುತ್ತೇವೆ. ಎರಡು ಗುಂಪಿನ ಕೆಲಸವನ್ನೂ ಒಂದೇ ಮಾತಿನ ಮೇಲೆ ಹೊರಿಸಿದ್ದೇವೆ. ಭಾಷೆ ಹೀಗೆ ಬೆಳೆಯುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಕೆಲಸದ ಒತ್ತಡ ಯಾವುದು, ನಮ್ಮ ಮನಸ್ಸಿನ ಚಡಪಡಿಕೆ ಯಾವುದು ಎಂಬ ವಿವೇಕವೂ ಮಾತಿನೊಡನೆ ಕಲಸಿಹೋಗಬಾರದು.

ಕಲಸಿಹೋದರೆ ಏನಾಗುತ್ತದೆ? ಮಾತು ಸವೆಯುತ್ತದೆ. ಕಚೇರಿಯ ಕಡತದ ಮೇಲೆ 'ಜರೂರು' ಎಂದು ಬರೆಯುತ್ತಾರೆ. ಎಲ್ಲ ಕಡತಗಳೂ ಜರೂರಾದಾಗ 'ಅತಿ ಜರೂರು' ಎಂದು ಬರೆಯಬೇಕಾಗುತ್ತದೆ. ಹಿಂದೆ ತಂತಿ ಬಂತೆಂದರೆ ಮನೆಮಂದಿಯ ಎದೆ ಝಲ್ಲೆನ್ನುತ್ತಿತ್ತು. ಪ್ರತಿ ಪದಕ್ಕೂ ಲೆಕ್ಕವಿಟ್ಟು, ನಿಜವಾಗಿ ಬೇಕಾದುದನ್ನೇ ಬರೆಯುತ್ತಿದ್ದರು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಇಂದು ಕೈಯಲ್ಲಿರುವ ಫೋನು ದಿನವಿಡೀ ಟಣ್ ಎನ್ನುತ್ತದೆ; ಮದುವೆಯ ಊಟದ ಚಿತ್ರಕ್ಕೂ ಅದೇ ಸದ್ದು, ಮರಣದ ವಾರ್ತೆಗೂ ಅದೇ ಸದ್ದು.

ದೇಶದ ಮಟ್ಟದಲ್ಲಿಯೂ ಈ ಮಾತಿಗೆ ಒರೆಗಲ್ಲು ಬೇಕು. 1975ರ ಜೂನ್ 25ರಂದು 'ಆಂತರಿಕ ಕ್ಷೋಭೆ' ಎಂಬ ಕಾರಣ ಕೊಟ್ಟು ತುರ್ತು ಪರಿಸ್ಥಿತಿಯನ್ನು ಸಾರಲಾಯಿತು. ಅದು 1977ರ ಮಾರ್ಚ್ 21ರವರೆಗೆ ನಡೆಯಿತು. ಆ ಅನುಭವದಿಂದ ಪಾಠ ಕಲಿತು, ಸಂವಿಧಾನದ 44ನೆಯ ತಿದ್ದುಪಡಿಯಲ್ಲಿ ಆ ಸಡಿಲ ಪದವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂಬ ಬಿಗಿಯಾದ ಪದವನ್ನು ಇಟ್ಟರು. ತುರ್ತು ಎಂದು ಹೇಳುವವನು ಏತರ ತುರ್ತು ಎಂಬುದನ್ನು ತೋರಿಸಬೇಕೆಂಬುದೇ ಅದರ ತಾತ್ಪರ್ಯ.

ನಿಜವಾದ ತುರ್ತು ಕೆಲವು ವೇಳೆ ಸದ್ದನ್ನೇ ಮಾಡುವುದಿಲ್ಲ. ಮಗುವಿಗೆ ಬೀದಿನಾಯಿ ಕಚ್ಚಿತೆನ್ನಿರಿ. ಗಾಯ ಸಣ್ಣದು, ಸಂಜೆಗೆ ಮಗು ಆಡುತ್ತಿರುತ್ತದೆ. ಮನೆಯವರು "ಹೊಲದ ಕೆಲಸ ಮುಗಿಯಲಿ, ಸೋಮವಾರ ನೋಡೋಣ" ಎನ್ನುತ್ತಾರೆ. ಹುಚ್ಚುನಾಯಿ ರೋಗದ ವಿಷ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲಿ ಅಡಗಿರಬಲ್ಲದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ದು, ವೈದ್ಯರು ಹೇಳಿದ ಸೂಜಿಗಳನ್ನೆಲ್ಲ ತಪ್ಪದೆ ಹಾಕಿಸಿದರೆ ಮಗು ಉಳಿಯುತ್ತದೆ. ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಬೇಡಿರಿ. ಅಳು ಇಲ್ಲ, ನೋವು ಇಲ್ಲ, ಅವಸರವೇನೂ ಕಾಣುವುದಿಲ್ಲ. ಆದರೂ ಇದಕ್ಕಿಂತ ಅರ್ಜೆಂಟಾದ ಕೆಲಸ ಆ ದಿನ ಆ ಮನೆಯಲ್ಲಿ ಬೇರೊಂದಿಲ್ಲ. ಅದೇ ದಿನ ಆ ಮನೆಯ ಯಜಮಾನ ಮೊಬೈಲಿಗೆ ಹಣ ತುಂಬಿಸಲು ಪೇಟೆಗೆ ಓಡಿಹೋಗಿರಬಹುದು!

ಹಾಗಾದರೆ ಒರೆಗಲ್ಲು ಯಾವುದು? ಮೂರು ಪ್ರಶ್ನೆ ಸಾಕು. ಒತ್ತುತ್ತಿರುವುದು ಕೆಲಸವೋ, ನನ್ನ ಮನಸ್ಸೋ? ನಾಳೆ ಮಾಡಿದರೆ ಕೆಡುವುದೇನು? ಕೆಟ್ಟರೆ ಅದನ್ನು ಮತ್ತೆ ಸರಿಮಾಡಬಹುದೇ? ಸರಿಮಾಡಬಹುದಾದುದು ಕಾಯಲಿ. ಸರಿಮಾಡಲಾಗದುದು ಕಾಯಬಾರದು. ತಾಳಿದವನು ಬಾಳಿಯಾನು ಎಂದೂ ಹಿರಿಯರು ಹೇಳಿದರು, ನಾಳೆ ಎಂದವನ ಮನೆ ಹಾಳು ಎಂದೂ ಹೇಳಿದರು. ಇವೆರಡೂ ಒಂದಕ್ಕೊಂದು ವಿರೋಧವಲ್ಲ. ಮೊದಲನೆಯದು ಆತುರಕ್ಕೆ ಹೇಳಿದ್ದು, ಎರಡನೆಯದು ತುರ್ತಿಗೆ ಹೇಳಿದ್ದು. ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯುವುದೇ ವಿವೇಕ.

ಆದುದರಿಂದ ನಾಳೆಯಿಂದ 'ಅರ್ಜೆಂಟ್' ಎಂಬ ಮಾತನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅದನ್ನು ಹಣದಂತೆ ಬಳಸಿರಿ. ಬೇಕಾದಲ್ಲಿ ಮಾತ್ರ ಖರ್ಚು ಮಾಡಿರಿ. ಆಗ ನೀವು ಅರ್ಜೆಂಟ್ ಎಂದ ಕೂಡಲೆ ನೆರೆಯವರು ಕೈಯ ಕೆಲಸ ಬಿಟ್ಟು ಎದ್ದು ಬರುತ್ತಾರೆ. ಅಂಥ ವಿವೇಕ ನಮ್ಮೆಲ್ಲರ ಮನೆಗಳಲ್ಲಿ ನೆಲೆಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.