ಊಟದ ಹೊತ್ತಿಗೆ ಬ್ರೆಕ್ಸಿಟ್ ಬೇಡ

2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಮತ ಹಾಕಿದವರ ಪೈಕಿ ಶೇ. 51.9 ಮಂದಿ ಬ್ರೆಕ್ಸಿಟ್ ಬೇಕು, ಅಂದರೆ ಐರೋಪ್ಯ ಒಕ್ಕೂಟ ಬಿಡೋಣವೆಂದರು, ಶೇ. 48.1 ಮಂದಿ ಬೇಡವೆಂದರು. ಇಷ್ಟು ಕಡಿಮೆ ಅಂತರದ ಫಲಿತಾಂಶದ ಬಿರುಕು ಮನೆಗಳ ಒಳಗೂ ಹಾಯುತ್ತದೆ.

ಜಾನ್ಸನ್ ಕುಟುಂಬವನ್ನೇ ನೋಡಿ. ಬಿಡೋಣವೆಂಬ ಪ್ರಚಾರದ ಮುಂದಾಳು ಹಿರಿಯ ಮಗ ಬೋರಿಸ್. ತಂದೆ ಸ್ಟಾನ್ಲಿ, ತಂಗಿ ರೇಚಲ್, ತಮ್ಮ ಜೋ ಆಗ ಎದುರು ಪಾಳೆಯದಲ್ಲಿದ್ದರು. 2019ರಲ್ಲಿ ರೇಚಲ್ ಬ್ರೆಕ್ಸಿಟ್ ವಿರೋಧಿ ಪಕ್ಷವೊಂದರಿಂದ ಐರೋಪ್ಯ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಅದೇ ವರ್ಷ ಬೋರಿಸ್ ಪ್ರಧಾನಿಯಾದರು; ಅವರ ಸಂಪುಟದ ಸಭೆಗಳಿಗೆ ಹೋಗುತ್ತಿದ್ದ ಸಚಿವ ಜೋ ಸೆಪ್ಟೆಂಬರ್ 5ರಂದು ರಾಜೀನಾಮೆ ಕೊಟ್ಟರು. ಕುಟುಂಬನಿಷ್ಠೆ, ದೇಶಹಿತ ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ ಎಂಬುದು ಅವರು ಕೊಟ್ಟ ಕಾರಣ. ವಿರೋಧ ಪಕ್ಷದ ಟೀಕೆಗಿಂತ ಅಣ್ಣನಿಗೆ ಇದೇ ಹೆಚ್ಚು ಚುರುಕು ಮುಟ್ಟಿಸಿರಬೇಕು.

ಆ ದಿನಗಳಲ್ಲಿ ರೇಚಲ್ ಮನೆಯ ಗುಟ್ಟೊಂದನ್ನು ಹೇಳಿದರು: ಊಟಕ್ಕೆ ಕೂತಾಗ ಯಾರೂ ಬ್ರೆಕ್ಸಿಟ್ ಮಾತೆತ್ತುವುದಿಲ್ಲ, ಎಲ್ಲರೂ ಸೇರಿ ಪ್ರಧಾನಿಯ ಮೇಲೆ ಮುಗಿಬಿದ್ದಂತಾಗಬಾರದಲ್ಲ!

ಇದು ಪಲಾಯನ ಎನ್ನಬಹುದೇನೋ. ಆದರೆ ಅಲ್ಲಿ ಯಾರೂ ತಮ್ಮ ನಿಲುವನ್ನು ಬಚ್ಚಿಡಲಿಲ್ಲ. ಬೀದಿಯಲ್ಲಿ ಹೇಳಿದ್ದನ್ನು ತಟ್ಟೆಯ ಮುಂದೆ ಮತ್ತೆ ಹೇಳಲಿಲ್ಲ, ಅಷ್ಟೆ. ಜಾಣ ಏರ್ಪಾಡು.

2020ರಲ್ಲಿ ಬೋರಿಸ್, ರಾಜೀನಾಮೆ ಕೊಟ್ಟಿದ್ದ ಅದೇ ಜೋ ಅವರನ್ನು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೆಸರಿಸಿದರು. ತಂದೆ ಸ್ಟಾನ್ಲಿ 2022ರಲ್ಲಿ, ಐರೋಪ್ಯ ಒಕ್ಕೂಟದಲ್ಲೇ ಇರುವ ಫ್ರಾನ್ಸಿನ ಪೌರತ್ವ ಪಡೆದರು.